ಎಷ್ಟು ಬೈಟ್ ಉಳಿಯಿತು?

ಹಾಸನೂರಿನಿಂದ ಚಾಮರಾಜನಗರದ ಕಡೆ ಹೊರಟರೆ ರಾಜ್ಯದ ಗಡಿಯಲ್ಲಿ ಕಾರಪಳ್ಳಂ ಚೆಕ್‌ಪೋಸ್ಟ್. ಕಬ್ಬಿನ ಲಾರಿಯಾದರೂ ಅಲ್ಲಿ ನಿಂತೇ ಹೋಗಬೇಕು. ಲಿನಕ್ಸ್‌ನ ತಿರುಳಾದ ಕರ್ನಲ್‌ಗೂ ನಮ್ಮ ಪ್ರೋಗ್ರಾಂಗಳಿಗೂ ನಡುವೆ ಅಂಥ ಗಡಿಯೊಂದಿದೆ. ಅದನ್ನು ಕಾಯುವ ಫಂಕ್ಷನ್ನಿನ ಹೆಸರು ‘ಕಾಪಿ_ಫ್ರಮ್_ಯೂಸರ್’.

ಫೈಲಿಗೆ ಏನಾದರೂ ಬರೆಯುವಾಗ ನಮ್ಮ ಪ್ರೋಗ್ರಾಂ ಕರ್ನಲ್‌ಗೆ ಬರೆಯಬೇಕಾದದ್ದು ಇರುವ ಮೆಮೊರಿ ವಿಳಾಸವನ್ನು ಕೊಡುತ್ತದೆ. ಅದು ಕರ್ನಲ್‌ನದೇ ಗುಟ್ಟಿನ ಜಾಗವಾಗಿದ್ದರೆ? ಅದಕ್ಕೇ ವಿಳಾಸ ಬಳಕೆದಾರರ ವ್ಯಾಪ್ತಿಯೊಳಗಿದೆಯೇ ಎಂದು ಮೊದಲು ನೋಡಿ, ಆಮೇಲೆ ನಕಲು. ಎಆರ್‌ಎಂ ಚಿಪ್‌ಗಳ ಹಳೆಯ ಲಿನಕ್ಸ್‌ನಲ್ಲಿ ಇದರ ಸೋದರ ಫಂಕ್ಷನ್ನುಗಳಲ್ಲಿ ಈ ತಪಾಸಣೆ ತಪ್ಪಿಹೋಗಿತ್ತು. 2013ರಲ್ಲಿ ಆಂಡ್ರಾಯ್ಡ್ ಫೋನುಗಳ ಮೇಲೆ ದಾಳಿಗೆ ಅಷ್ಟೇ ಸಾಕಾಯಿತು.

ನನಗೆ ಅತಿ ಪ್ರಿಯವಾದದ್ದು ಮುಂದಿನ ಹೆಜ್ಜೆ. ಆ ವಿಳಾಸದಲ್ಲಿ ನಿಜಕ್ಕೂ ಮೆಮೊರಿ ಇದೆಯೇ ಎಂದು ಕರ್ನಲ್ ಮುಂಚಿತವಾಗಿ ಹುಡುಕುತ್ತಾ ಕೂರುವುದಿಲ್ಲ, ಧೈರ್ಯವಾಗಿ ನಕಲು ಶುರುಮಾಡುತ್ತದೆ. ಮೆಮೊರಿಯ ಆ ಪುಟ ಡಿಸ್ಕಿನಲ್ಲಿದ್ದರೆ, ಪುಟ ಸಿಗದಾಗ ಏಳುವ ಪೇಜ್ ಫಾಲ್ಟ್ ಅದನ್ನು ತಂದುಕೊಡುತ್ತದೆ. ವಿಳಾಸವೇ ಸುಳ್ಳಾಗಿದ್ದರೆ, ಎಡವಿದ ಸೂಚನೆಯ ಜಾಗವನ್ನು ಎಕ್ಸೆಪ್ಶನ್ ಟೇಬಲ್‌ನಲ್ಲಿ ಹುಡುಕಿ, ಅಲ್ಲಿ ಬರೆದಿಟ್ಟ ಸುರಕ್ಷಿತ ದಾರಿಗೆ ಜಿಗಿಯುತ್ತದೆ. ಯಂತ್ರ ಕುಸಿಯುವುದಿಲ್ಲ. ಎಲ್ಲ ಸರಿಯಿದ್ದಾಗ ಈ ಏರ್ಪಾಟಿಗೆ ಹೆಚ್ಚುಕಮ್ಮಿ ಖರ್ಚೇ ಇಲ್ಲ. ಎಂಥ ಜಾಣತನ!

ಕೊನೆಗೆ ಈ ಫಂಕ್ಷನ್ ಹಿಂತಿರುಗಿಸುವುದು ನಕಲಾಗದೆ ಉಳಿದ ಬೈಟ್‌ಗಳ ಲೆಕ್ಕವನ್ನು. ಸೊನ್ನೆ ಬಂದರೆ ಪೂರ್ತಿ ಆಯಿತೆಂದು ಅರ್ಥ. ಹೀಗೆ ಒಮ್ಮೆ ತಂದ ನಕಲನ್ನೇ ಪರೀಕ್ಷಿಸಿ, ಅದನ್ನೇ ಬಳಸಬೇಕು. ಮತ್ತೊಮ್ಮೆ ಮೂಲಕ್ಕೆ ಹೋದರೆ, ಅಷ್ಟರಲ್ಲಿ ಪ್ರೋಗ್ರಾಮಿನ ಇನ್ನೊಂದು ಥ್ರೆಡ್ ಅದನ್ನು ಬದಲಿಸಿರಬಹುದು.