ಚಾರ್ಟಿನಲ್ಲಿ ನೇತುಬಿದ್ದ ಗ್ರೀಕ್ ಧಾತುಗಳು

ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಕಡೆಯ ಕನ್ನಡ ಮನೆಗಳ ಮಕ್ಕಳಿಗೆ ಭಾಷೆಗಳ ಬರವಿಲ್ಲ. ಅವ್ವನ ಹತ್ತಿರ ಕನ್ನಡ, ಓಣಿಯಲ್ಲಿ ತೆಲುಗು, ಪೇಟೆಯಲ್ಲಿ ಒಂದಿಷ್ಟು ಉರ್ದು. 2022-23ರಲ್ಲಿ ತೆಲಂಗಾಣದ ಸರ್ಕಾರಿ ಶಾಲೆಗಳಿಗೂ ಇಂಗ್ಲಿಷ್ ಮಾಧ್ಯಮ ಬಂತು. ಇಂಗ್ಲಿಷ್ ಪದಗಳನ್ನು ಮಕ್ಕಳ ತಲೆಗೆ ಹತ್ತಿಸುವುದು ಹೇಗೆಂಬ ಚಿಂತೆ ಈಗ ಮನೆಯವರದು. ಈ ಚಿಂತೆಗೆ ಎಲ್ಲೆಡೆ ಸಿಗುವ ಮದ್ದೆಂದರೆ ಗ್ರೀಕ್, ಲ್ಯಾಟಿನ್ ಧಾತುಗಳ ಪಟ್ಟಿ. ಗೋಡೆಗೊಂದು ಚಾರ್ಟ್ ಅಂಟಿಸಿ 'ಬಯೋ' ಅಂದರೆ ಜೀವ, 'ಟೆಲಿ' ಅಂದರೆ ದೂರ ಎಂದು ದಿನಕ್ಕಿಷ್ಟು ಬಾಯಿಪಾಠ ಮಾಡಿಸುವುದು. ಧಾತು ಬಂದರೆ ಪದ ತಾನಾಗಿ ಬರುತ್ತದೆ ಎಂಬ ಭರವಸೆ.

ಇದರಲ್ಲಿ ಹುರುಳಿಲ್ಲವೆಂದಲ್ಲ. ಮಕ್ತಲ್‌ನಿಂದ ರಾಯಚೂರಿಗೆ ಹೋಗುವಾಗ ಕೃಷ್ಣೆ ದಾಟಿದರೆ ಶಕ್ತಿನಗರದ ಚಿಮಣಿಗಳು ಕಾಣುತ್ತವೆ. ಈ ಭಾಗದ ಮಗುವಿಗೆ 'ಥರ್ಮಲ್' ಹೊಸ ಪದವಲ್ಲ. ಜ್ವರ ಬಂದಾಗ ಥರ್ಮಾಮೀಟರ್ ನೋಡಿರುತ್ತದೆ, ಚಹಾದ ಥರ್ಮಾಸ್ ಕಂಡಿರುತ್ತದೆ. ಈ ಮೂರರಲ್ಲೂ 'ಕಾವು' ಅಡಗಿದೆ ಎಂದು ಒಮ್ಮೆ ಹೇಳಿದರೆ ಸಾಕು, ಮರೆಯುವುದಿಲ್ಲ. ಪದಗಳು ಮೊದಲೇ ಗೊತ್ತಿದ್ದವು, ಧಾತು ಅವನ್ನು ಒಂದು ದಾರಕ್ಕೆ ಪೋಣಿಸಿತು. ಚಾರ್ಟಿನಲ್ಲಿ ದಾರವಷ್ಟೇ ಇದೆ.

ಈ ಪದ್ಧತಿಗೆ ನಮ್ಮಲ್ಲಿ ಹೆಸರು ತಂದ ಪುಸ್ತಕ ನಾರ್ಮನ್ ಲೂಯಿಸ್‌ರ 'ವರ್ಡ್ ಪವರ್ ಮೇಡ್ ಈಸಿ'. 1949ರ ಈ ಪುಸ್ತಕ ಇಂದಿಗೂ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುವವರ ಕೈಯಲ್ಲಿದೆ. ಅದು ದೊಡ್ಡವರಿಗೆಂದು ಬರೆದದ್ದು. ಮನುಷ್ಯರ ಸ್ವಭಾವಗಳಿಂದ ಶುರುವಾಗಿ ಹೆಂಗಸರನ್ನು ದ್ವೇಷಿಸುವವನಿಗೆ, ಇಬ್ಬರನ್ನು ಮದುವೆಯಾದವನಿಗೆ ಏನನ್ನುತ್ತಾರೆ ಎಂಬಲ್ಲಿಗೆ ಹೋಗುತ್ತದೆ. ಮೂರನೇ ತರಗತಿಯ ಮಗುವಿಗೆ ಅದು ಯಾಕೆ ಬೇಕೋ! ಅದಿರಲಿ. ಲೂಯಿಸ್ ಪಾಠ ಕಟ್ಟುವ ಕ್ರಮವನ್ನಾದರೂ ನಾವು ಗಮನಿಸಬೇಕಿತ್ತು. ಅವರು ಮೊದಲು ಒಬ್ಬ ವ್ಯಕ್ತಿಯ ನಡತೆಯನ್ನು ವರ್ಣಿಸುತ್ತಾರೆ, ಆಮೇಲೆ ಅವನಿಗೆ ಒಪ್ಪುವ ಪದ ಕೊಟ್ಟು ಉಚ್ಚಾರ ತಿದ್ದುತ್ತಾರೆ. ಧಾತು ಬರುವುದು ಅದಾದ ಮೇಲೆ. ಚಾರ್ಟಿನವರು ಮೊದಲಿನದ್ದನ್ನೆಲ್ಲ ಬಿಟ್ಟು ಕೊನೆಯದನ್ನಷ್ಟೇ ಕಿತ್ತುಕೊಂಡಿದ್ದಾರೆ.

ಇದರ ಫಲ ನೋಡಬೇಕಾದರೆ ಹೆದ್ದಾರಿಗೆ ಬನ್ನಿ. ಗದ್ವಾಲ್ ಜಿಲ್ಲೆಯ ಮೂಲಕ ಹಾದುಹೋಗುವ ಹೈದರಾಬಾದ್–ಬೆಂಗಳೂರು ರಸ್ತೆಯಲ್ಲಿ ಟ್ಯಾಂಕರ್‌ಗಳ ಹಿಂದೆ 'ಇನ್‌ಫ್ಲೇಮಬಲ್' ಎಂದು ಬರೆದಿರುತ್ತದೆ. 'ಇನ್' ಅಂದರೆ 'ಅಲ್ಲ' ಎಂದು ಉರುಹೊಡೆದ ಮಗು "ಇದಕ್ಕ ಬೆಂಕಿ ಹತ್ತಂಗಿಲ್ಲ" ಎಂದರೆ ಅದನ್ನು ಬೈಯುವಂತಿಲ್ಲ. ಆದರೆ ಪದದ ಅರ್ಥ 'ಬೇಗ ಬೆಂಕಿ ಹತ್ತುವಂಥದ್ದು'. ಲ್ಯಾಟಿನ್ನಿನ ಈ 'ಇನ್' ಬೇರೆ, ಇದು ನಿಷೇಧದ್ದಲ್ಲ. 'ಪೆಡ್' ಇನ್ನೂ ತರಲೆ: ಸೈಕಲ್ಲಿನ ಪೆಡಲ್‌ನಲ್ಲಿ ಲ್ಯಾಟಿನ್ನಿನ ಕಾಲು, ಪೀಡಿಯಾಟ್ರಿಷಿಯನ್‌ನಲ್ಲಿ ಗ್ರೀಕಿನ ಮಗು. ಪದ ಬಲ್ಲವನಿಗೆ ಇದು ತಮಾಷೆ, ಅರಿಯದ ಮಗುವಿಗೆ ಹೊಂಡ.

ಪದ ಮೊದಲು, ಧಾತು ಆಮೇಲೆ ಎನ್ನುವುದು ಈ ಭಾಗಕ್ಕೆ ಹೊಸದಲ್ಲ. ಗದ್ವಾಲ್ ಸಂಸ್ಥಾನಕ್ಕೆ 'ವಿದ್ವದ್ಗದ್ವಾಲ' ಎಂಬ ಹೆಸರಿತ್ತು. ಸಂಸ್ಕೃತ ಪಂಡಿತರನ್ನು ಸಾಕಿದ ಊರು ಅದು. ಹಳೆಯ ಓದಿನಲ್ಲಿ ಹುಡುಗ ಮೊದಲು ಅಮರಕೋಶವನ್ನು ಕಂಠಸ್ಥ ಮಾಡಬೇಕಿತ್ತು. ಧಾತು, ಪ್ರತ್ಯಯ, ವ್ಯುತ್ಪತ್ತಿಗಳು ವ್ಯಾಕರಣಕ್ಕೆ ಹೋದವನಿಗೆ. ಆ ಓದು ಎಲ್ಲರ ಮಕ್ಕಳಿಗೂ ಸಿಗಲಿಲ್ಲ, ಅರ್ಥವಾಗದೆ ಒದರಿದವರೂ ಬೇಕಾದಷ್ಟಿದ್ದರು. ಆದರೂ ಪದದ ದಾಸ್ತಾನು ಮೊದಲು, ವಿಂಗಡಣೆ ಆಮೇಲೆ ಎಂಬ ಅವರ ಲೆಕ್ಕ ಸರಿಯಾಗಿತ್ತು.

ಇಲ್ಲಿನ ಮನೆಗಳಿಗೆ ಇನ್ನೊಂದು ಅನುಕೂಲವಿದೆ, ಅದನ್ನು ಯಾವ ಚಾರ್ಟೂ ಹೇಳುವುದಿಲ್ಲ. ಇಂಗ್ಲಿಷ್ ಮಾಧ್ಯಮದ ಜೊತೆಗೇ ತೆಲಂಗಾಣ ಎರಡು ಭಾಷೆಯ ಪಠ್ಯಪುಸ್ತಕ ಅಚ್ಚು ಹಾಕಿಸಿತು: ಒಂದು ಪುಟ ಇಂಗ್ಲಿಷ್, ಎದುರು ಪುಟ ತೆಲುಗು. ಇತ್ತ 'ಫೋಟೋಸಿಂಥೆಸಿಸ್' ಎಂದಿದ್ದರೆ ಅತ್ತ 'ಕಿರಣಜನ್ಯ ಸಂಯೋಗಕ್ರಿಯ'. ಕಿರಣ, ಜನ್ಯ, ಸಂಯೋಗ, ಕ್ರಿಯೆ ಕನ್ನಡಕ್ಕೂ ಸೇರಿದವೇ. ಗ್ರೀಕ್ ಬಾರದ ತಾಯಿಯೂ ಇದನ್ನು ಬಿಡಿಸಿ ಹೇಳಬಲ್ಲಳು: ಬಿಸಿಲು ಬಿದ್ದಾಗ ಎಲೆಯೊಳಗೆ ನೀರು, ಗಾಳಿ ಕೂಡಿ ಆಹಾರವಾಗುತ್ತದೆ. ಇಷ್ಟು ತಿಳಿದ ಮಗುವಿಗೆ 'ಫೋಟೋ' ಅಂದರೆ ಬೆಳಕು ಎನ್ನುವುದು ಅರೆಗಳಿಗೆಯ ಕೆಲಸ.

ಹೈಸ್ಕೂಲಿಗೆ ಬಂದು ಜೀವಶಾಸ್ತ್ರ, ಭೌತಶಾಸ್ತ್ರ ಬೇರೆಬೇರೆಯಾಗಿ ಓದುವ ಹೊತ್ತಿಗೆ ಧಾತುಗಳಿಂದ ನಿಜವಾದ ಉಪಯೋಗವಿದೆ. ಅದಕ್ಕೆ ಮೊದಲು ಚಾರ್ಟಿಗೆ ಹಾಕುವ ದುಡ್ಡಿನಲ್ಲಿ ಮಕ್ಕಳಿಗೆ ಎರಡು ಕಥೆಪುಸ್ತಕ ಕೊಡಿಸಿ. ಒಂದು ಇಂಗ್ಲಿಷಿನದು, ಒಂದು ಕನ್ನಡದ್ದು.