ಉಬ್ಬಿದ ಗೋಡೆಗೆ ಹಣವಿಲ್ಲ, ಬಿದ್ದ ಗೋಡೆಗೆ ಉಂಟು

ರಸ್ತೆಬದಿಯ ತಡೆಗೋಡೆ ಸಾಮಾನ್ಯವಾಗಿ ಹೇಳದೆ ಕೇಳದೆ ಬೀಳುವುದಿಲ್ಲ. ಮೊದಲು ಅದರ ನೀರುಕಿಂಡಿಗಳಲ್ಲಿ ಮಣ್ಣು ಕಟ್ಟಿಕೊಳ್ಳುತ್ತದೆ. ಮರುವರ್ಷ ನಡುಭಾಗ ತುಸು ಹೊರಕ್ಕೆ ಉಬ್ಬುತ್ತದೆ. ಆಮೇಲೆ ಡಾಂಬರಿನ ಅಂಚಿನಲ್ಲಿ, ಗೋಡೆಗೆ ಸಮಾನಾಂತರವಾಗಿ, ಬೆರಳು ತೂರುವಷ್ಟು ಬಿರುಕು ಕಾಣಿಸಿಕೊಳ್ಳುತ್ತದೆ; ಪಕ್ಕದ ಕಾವಲುಕಂಬಗಳು ಕಣಿವೆಯ ಕಡೆಗೆ ವಾಲುತ್ತವೆ. ಇಲ್ಲಿಂದ ಕುಸಿತದವರೆಗೆ ಕೆಲವು ವಾರಗಳೂ ಇರಬಹುದು, ಒಂದೆರಡು ಮಳೆಗಾಲವೂ ಇರಬಹುದು. ದುರಸ್ತಿ ಕಡಿಮೆ ಖರ್ಚಿನಲ್ಲಿ ಮುಗಿಯುವುದು ಈ ನಡುವಿನ ಅವಧಿಯಲ್ಲೇ. ಕರ್ನಾಟಕದ ಘಟ್ಟದ ರಸ್ತೆಗಳಲ್ಲಿ ತಡೆಗೋಡೆಗಳ ತುರ್ತು ದುರಸ್ತಿಗೆ ಹಣ ಒದಗಿಸುವ ಪದ್ಧತಿಯ ಗುಣದೋಷವನ್ನು ನಿರ್ಣಯಿಸಬೇಕಾದದ್ದು ಕೂಡ ಈ ಅವಧಿಯನ್ನು ಅದು ಎಷ್ಟು ಬಳಸಿಕೊಳ್ಳುತ್ತದೆ ಎಂಬುದರ ಮೇಲೆ. ಆ ದೃಷ್ಟಿಯಿಂದ ನೋಡಿದರೆ ಕಾಣುವುದು ಇಷ್ಟು: ಮುಚ್ಚಿದ ರಸ್ತೆಯನ್ನು ತೆರೆಸುವುದು ಈ ಪದ್ಧತಿಗೆ ಚೆನ್ನಾಗಿ ಗೊತ್ತಿದೆ, ವಾಲುತ್ತಿರುವ ಗೋಡೆಯನ್ನು ನಿಲ್ಲಿಸುವುದು ಗೊತ್ತಿಲ್ಲ.

ಗೋಡೆ ಸೋಲುವುದು ಮಣ್ಣಿನ ಭಾರಕ್ಕಿಂತ ಹೆಚ್ಚಾಗಿ ನೀರಿನಿಂದ. 5 ಮೀಟರ್ ಎತ್ತರದ ಗೋಡೆಯ ಹಿಂದೆ ನೀರು ಬಸಿದುಹೋಗುವ ಸಾಧಾರಣ ಮಣ್ಣು ಇದ್ದರೆ, ಗೋಡೆಯ ಪ್ರತಿ ಮೀಟರ್ ಉದ್ದದ ಮೇಲೆ ಬೀಳುವ ಅಡ್ಡ ಒತ್ತಡ ಸುಮಾರು 7.5 ಟನ್. ಕಿಂಡಿಗಳು ಮುಚ್ಚಿ ನೀರು ಮೇಲಿನವರೆಗೂ ನಿಂತರೆ ನೀರಿನದೇ ಒತ್ತಡ ಸುಮಾರು 12.5 ಟನ್ ಆಗುತ್ತದೆ. ನೀರಿನಲ್ಲಿ ಮುಳುಗಿದ ಮಣ್ಣಿನ ಒತ್ತಡ ಅರ್ಧಕ್ಕೆ ಇಳಿದರೂ ಒಟ್ಟು ಲೆಕ್ಕ 16 ಟನ್ ದಾಟುತ್ತದೆ. ಎಂದರೆ, ಒಂದು ಕಲ್ಲೂ ಕದಲದೆ ಗೋಡೆಯ ಹೊರೆ ಎರಡು ಪಟ್ಟಿಗಿಂತ ಹೆಚ್ಚಾಗಿರುತ್ತದೆ. ಎತ್ತರ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟಾಗುತ್ತದೆ ಎಂಬ ನಿಯಮವನ್ನೂ ಇದಕ್ಕೆ ಸೇರಿಸಿಕೊಂಡರೆ, ಎತ್ತರದ ಗೋಡೆಗಳು ಜುಲೈ–ಆಗಸ್ಟ್‌ನಲ್ಲೇ ಏಕೆ ಜಾರುತ್ತವೆ ಎಂಬುದು ಅರ್ಥವಾಗುತ್ತದೆ. ಮಳೆಗಾಲಕ್ಕೆ ಮುಂಚೆ ಕಿಂಡಿ ಬಿಡಿಸುವುದು, ಗೋಡೆಯ ಮೇಲ್ಗಡೆ ಚರಂಡಿ ತೋಡಿ ನೀರನ್ನು ಮೋರಿಗೆ ತಿರುಗಿಸುವುದು, ಬಿರುಕಿಗೆ ಡಾಂಬರು ಅಥವಾ ಜೇಡಿ ತುಂಬುವುದು ಕೆಲವೇ ಕೂಲಿಯಾಳುಗಳ ಕೆಲಸ. ಬಿದ್ದ ಮೇಲೆ ಅದೇ ಜಾಗದಲ್ಲಿ ಬುನಾದಿ ಅಗೆದು ಕಾಂಕ್ರೀಟ್ ಗೋಡೆ ಎಬ್ಬಿಸುವುದು ಲಕ್ಷಗಳ, ಕೆಲವೊಮ್ಮೆ ಕೋಟಿಗಳ ಬಾಬತ್ತು.

ಈ ಮಾತು ಊಹೆಯ ಅಪಾಯದ ಬಗೆಗಿನದಲ್ಲ. 2018ರ ಆಗಸ್ಟ್‌ನಲ್ಲಿ ಮಡಿಕೇರಿ–ಸಂಪಾಜೆ ನಡುವೆ, ಮದೆನಾಡು, ಜೋಡುಪಾಲದ ಆಸುಪಾಸಿನಲ್ಲಿ ಬೆಟ್ಟಗಳು ಜಾರಿ ಕೊಡಗಿಗೂ ಮಂಗಳೂರಿಗೂ ಇದ್ದ ಹೆದ್ದಾರಿ ವಾರಗಟ್ಟಲೆ ಕಡಿದುಹೋಯಿತು. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಘಾಟಿಯ ಸರದಿ. 2021ರ ಜುಲೈನಲ್ಲಿ ಸಕಲೇಶಪುರದ ಹತ್ತಿರ ದೋಣಿಗಾಲ್‌ನಲ್ಲಿ ಶಿರಾಡಿ ದಾರಿಯ ಅಂಚು ಕುಸಿಯಿತು. ದೊಡ್ಡ ಹೆದ್ದಾರಿಗಳ ಕುಸಿತ ಸುದ್ದಿಯಾಗುತ್ತದೆ. ಕೊಡಗಿನ ತೋಟಗಳ ನಡುವಿನ ದಾರಿಯಲ್ಲಿ ಬರೆ ಕುಸಿದದ್ದು, ಮಲೆನಾಡಿನ ಊರುದಾರಿಯಲ್ಲಿ ಧರೆ ಜರಿದದ್ದು ಸ್ಥಳೀಯ ಪತ್ರಿಕೆಯ ಒಳಪುಟದಲ್ಲೇ ಉಳಿಯುತ್ತದೆ. ಸಂಖ್ಯೆಯಲ್ಲಿ ಇವೇ ಹೆಚ್ಚು, ಹಣ ಸಿಗುವುದು ಇವಕ್ಕೇ ಕಷ್ಟ.

ಹಣದ ಬಾಗಿಲುಗಳು ಮುಖ್ಯವಾಗಿ ಮೂರು. ಮೊದಲನೆಯದು ರಸ್ತೆಯ ಒಡೆತನ ಹೊಂದಿದ ಇಲಾಖೆಯ ಸ್ವಂತ ನಿರ್ವಹಣಾ ಅನುದಾನ. ರಾಜ್ಯದ ಆಯವ್ಯಯದಲ್ಲಿ ಇದು ‘3054 – ರಸ್ತೆಗಳು ಮತ್ತು ಸೇತುವೆಗಳು’ ಎಂಬ ಲೆಕ್ಕಶೀರ್ಷಿಕೆಯಡಿ ಬರುತ್ತದೆ. ಎರಡನೆಯದು ಬಂಡವಾಳ ವೆಚ್ಚದ ‘5054’. ಹೊಸ ಗೋಡೆ, ಅಗಲೀಕರಣ, ಮರುನಿರ್ಮಾಣಗಳೆಲ್ಲ ಇದರ ಪಾಲು. ಮೂರನೆಯದು 2005ರ ವಿಪತ್ತು ನಿರ್ವಹಣಾ ಕಾಯ್ದೆಯಡಿ ಸ್ಥಾಪಿತವಾದ ರಾಜ್ಯ ವಿಪತ್ತು ಸ್ಪಂದನಾ ನಿಧಿ. ಕರ್ನಾಟಕದಂಥ ರಾಜ್ಯಗಳಲ್ಲಿ ಈ ನಿಧಿಗೆ ಕೇಂದ್ರ ಶೇ. 75, ರಾಜ್ಯ ಶೇ. 25 ಹಾಕುತ್ತವೆ, ಈಶಾನ್ಯ ಮತ್ತು ಹಿಮಾಲಯದ ರಾಜ್ಯಗಳಿಗೆ ಈ ಪ್ರಮಾಣ 90:10. ಜಿಲ್ಲಾಧಿಕಾರಿಯ ಪಿ.ಡಿ. (ವೈಯಕ್ತಿಕ ಠೇವಣಿ) ಖಾತೆಯ ಮೂಲಕ ಈ ಹಣ ತಳಮಟ್ಟಕ್ಕೆ ಇಳಿಯುತ್ತದೆ.

ಪದ್ಧತಿಗೆ ಸಲ್ಲಬೇಕಾದ ಮೆಚ್ಚುಗೆ ಸಲ್ಲಬೇಕು. ಮೂರನೆಯ ಬಾಗಿಲು ನಿಜಕ್ಕೂ ಬೇಗ ತೆರೆಯುತ್ತದೆ. ಭೂಕುಸಿತ ಕೇಂದ್ರದ ವಿಪತ್ತು ಪಟ್ಟಿಯಲ್ಲಿ ಇರುವುದರಿಂದ, ಗುಡ್ಡ ಜರಿದ ದಿನವೇ ಜೆಸಿಬಿ ತರಿಸಿ ಮಣ್ಣು ತೆಗೆಸಲು, ಮರಳು ಚೀಲ ಪೇರಿಸಲು, ಬದಲಿ ದಾರಿ ಮಾಡಿಸಲು ಅಧಿಕಾರಿಗಳು ಬೆಂಗಳೂರಿನ ಆದೇಶಕ್ಕೆ ಕಾಯಬೇಕಾಗಿಲ್ಲ. ಕಾಯ್ದೆಯ 50ನೇ ಕಲಮು ತುರ್ತು ಖರೀದಿಗೆ ಟೆಂಡರಿನಿಂದ ವಿನಾಯಿತಿ ಕೊಡುತ್ತದೆ. 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆಯ 4(ಎ) ಕಲಮೂ ಸರ್ಕಾರ ಘೋಷಿಸಿದ ಪ್ರಕೃತಿ ವಿಕೋಪದ ಅವಧಿಗೆ ಇಂಥದೇ ವಿನಾಯಿತಿ ಒದಗಿಸಿದೆ. 2018ರ ನಂತರದ ಮಳೆಗಾಲಗಳಲ್ಲಿ ಘಟ್ಟದ ರಸ್ತೆಗಳು ಮತ್ತೆ ಮತ್ತೆ ಮುಚ್ಚಿದರೂ ಮತ್ತೆ ಮತ್ತೆ ತೆರೆದುಕೊಂಡದ್ದು ಈ ವ್ಯವಸ್ಥೆ ಇದ್ದುದರಿಂದಲೇ.

ತೊಡಕು ಶುರುವಾಗುವುದು ಬಾಗಿಲು ಯಾವಾಗ ತೆರೆಯುತ್ತದೆ ಎಂಬಲ್ಲಿ. ಉಬ್ಬಿದ ಗೋಡೆ ವಿಪತ್ತಲ್ಲ, ಬಿದ್ದ ಗೋಡೆ ವಿಪತ್ತು. 50ನೇ ಕಲಮು ‘ಎರಗಬಹುದಾದ ವಿಪತ್ತಿನ’ ಸ್ಥಿತಿಯನ್ನೂ ಒಳಗೊಂಡಿದೆ ನಿಜ. ಆದರೆ ಅದು ಅನುಮತಿಸುವುದು ರಕ್ಷಣೆ ಮತ್ತು ಪರಿಹಾರಕ್ಕೆ ಬೇಕಾದ ಖರೀದಿಯನ್ನು. ಇನ್ನೂ ನಿಂತಿರುವ ಗೋಡೆಯ ಹಿಂದೆ ಬಸಿಗಾಲುವೆ ತೋಡುವ ಕೆಲಸವನ್ನು ಅದರಡಿ ತೋರಿಸಿ ಲೆಕ್ಕಪರಿಶೋಧನೆಯ ಆಕ್ಷೇಪಣೆಗೆ ಗುರಿಯಾಗಲು ಯಾವ ಎಂಜಿನಿಯರೂ ಮುಂದಾಗುವುದಿಲ್ಲ. ಹಾಗಾಗಿ ವಾಲಿದ ಗೋಡೆಯ ಕಡತ ಮೊದಲನೆಯ ಬಾಗಿಲಿಗೆ, ಎಂದರೆ 3054ಕ್ಕೆ, ಹೋಗುತ್ತದೆ. ಅಲ್ಲಿ ಅದು ಗುಂಡಿ ಮುಚ್ಚುವುದು, ಜಂಗಲ್ ಕಟಿಂಗ್, ಬಣ್ಣದ ಗೆರೆ ಇವುಗಳ ಜೊತೆ ಸಾಲಿನಲ್ಲಿ ನಿಲ್ಲಬೇಕು. ಗುಂಡಿ ಎಲ್ಲರ ಕಣ್ಣಿಗೂ ಬೀಳುತ್ತದೆ, ಗೋಡೆಯ ಉಬ್ಬು ಕೆಳಗಿನ ತೋಟದಲ್ಲಿ ನಿಂತವರಿಗೆ ಮಾತ್ರ ಕಾಣುತ್ತದೆ. ಅನುದಾನ ಹಂಚುವಾಗ ಯಾವುದು ಗೆಲ್ಲುತ್ತದೆ ಎಂದು ಬೇರೆ ಹೇಳಬೇಕಾಗಿಲ್ಲ.

ಗೋಡೆ ಬಿದ್ದ ಮೇಲೆ ಸಿಗುವ ಹಣದ ಅಳತೆಯೂ ಸರಿಯಿಲ್ಲ. ಸ್ಪಂದನಾ ನಿಧಿಯ ಮಾನದಂಡಗಳು ರಸ್ತೆ ಹಾನಿಯನ್ನು ಕಿಲೋಮೀಟರ್ ಲೆಕ್ಕದಲ್ಲಿ ನೋಡುತ್ತವೆ. 2015–20ರ ಅವಧಿಯ ಮಾನದಂಡದಲ್ಲಿ ರಾಜ್ಯ ಹೆದ್ದಾರಿ ಮತ್ತು ಜಿಲ್ಲಾ ಮುಖ್ಯರಸ್ತೆಗಳಿಗೆ ಕಿ.ಮೀ.ಗೆ 1 ಲಕ್ಷ ರೂಪಾಯಿ, ಗ್ರಾಮೀಣ ರಸ್ತೆಗಳಿಗೆ 60 ಸಾವಿರ ರೂಪಾಯಿ ಇತ್ತು. ಬಯಲುಸೀಮೆಯಲ್ಲಿ ನೆರೆ ಬಂದು ಹಲವು ಕಿಲೋಮೀಟರ್ ಜಲ್ಲಿ ಕೊಚ್ಚಿಹೋದರೆ ಈ ಅಳತೆ ಹೊಂದುತ್ತದೆ. ಘಟ್ಟದಲ್ಲಿ ಹಾನಿಯಾಗುವುದು 20 ಮೀಟರ್ ಉದ್ದಕ್ಕೆ, ಆದರೆ 5–6 ಮೀಟರ್ ಆಳಕ್ಕೆ. ಆ 20 ಮೀಟರಿಗೆ ಕಿಲೋಮೀಟರ್ ದರ ಹಾಕಿದರೆ ಸಿಗುವುದು 2 ಸಾವಿರ ರೂಪಾಯಿ. ಕಾಂಕ್ರೀಟ್ ತಡೆಗೋಡೆಗೆ ಪ್ರತಿ ಮೀಟರಿಗೇ ಹತ್ತಾರು ಸಾವಿರ ಬೇಕು. ಜೊತೆಗೆ, ಈ ನಿಧಿ ಸಂಪರ್ಕವನ್ನು ಕೂಡಲೇ ಮರುಸ್ಥಾಪಿಸುವ ತಾತ್ಕಾಲಿಕ ಕಾಮಗಾರಿಗೆ ಮೀಸಲು: ಕೊರಕಲು ತುಂಬುವುದು, ಏರಿಗೆ ಕಲ್ಲು ಹೊದಿಸುವುದು, ಒಡೆದ ಮೋರಿ ಸರಿಪಡಿಸುವುದು, ಜಲ್ಲಿ ಹಾಸುವುದು. ಶಾಶ್ವತ ಗೋಡೆ ಅದರ ವ್ಯಾಪ್ತಿಗೆ ಬರುವುದಿಲ್ಲ. ಆದ್ದರಿಂದ ಬಿದ್ದ ಗೋಡೆಯ ಜಾಗದಲ್ಲಿ ಮರಳು ಚೀಲಗಳ ಸಾಲು ಎದ್ದು, ಅದರ ಮೇಲೆ ನೀಲಿ ಟಾರ್ಪಾಲು ಹೊದೆದುಕೊಂಡು, ಮುಂದಿನ ಮಳೆಗಾಲದವರೆಗೂ ಹಾಗೇ ಉಳಿಯುತ್ತದೆ.

ಮೂರನೆಯ ದೋಷ ಪಂಚಾಂಗದ್ದು. ಹಣಕಾಸು ವರ್ಷ ಏಪ್ರಿಲ್‌ನಲ್ಲಿ ಹುಟ್ಟುತ್ತದೆ, ಮುಂಗಾರು ಜೂನ್ ಮೊದಲ ವಾರದಲ್ಲಿ ಘಟ್ಟ ಹತ್ತುತ್ತದೆ. ಈ ಎರಡು ತಿಂಗಳಲ್ಲಿ ಕ್ರಿಯಾಯೋಜನೆ, ಎಸ್ಟಿಮೇಟು, ತಾಂತ್ರಿಕ ಮಂಜೂರಾತಿ, ಆಡಳಿತಾತ್ಮಕ ಅನುಮೋದನೆ, ಟೆಂಡರು, ಕಾರ್ಯಾದೇಶ ಎಲ್ಲವೂ ಮುಗಿಯಬೇಕು. ಪಾರದರ್ಶಕತೆ ಕಾಯ್ದೆಯ 2000ದ ನಿಯಮಗಳು ಮೂಲದಲ್ಲಿ 2 ಕೋಟಿ ರೂಪಾಯಿವರೆಗಿನ ಟೆಂಡರಿಗೆ 30 ದಿನ, ಅದಕ್ಕೆ ಮೇಲ್ಪಟ್ಟದ್ದಕ್ಕೆ 60 ದಿನ ಕಾಲಾವಕಾಶ ಇಟ್ಟಿದ್ದವು. ಅವಧಿಯನ್ನು ಕಡಿತ ಮಾಡಲು ಅವಕಾಶವಿದ್ದರೂ ಅದಕ್ಕೆ ಮೇಲಧಿಕಾರಿಯ ಸಕಾರಣ ಆದೇಶ ಬೇಕು. ಫಲವಾಗಿ, ಬುನಾದಿ ಅಗೆಯಲು ಯೋಗ್ಯವಾದ ಒಣ ತಿಂಗಳುಗಳು ಕಡತದಲ್ಲಿ ಕಳೆದು, ಕೆಲಸ ಶುರುವಾಗುವುದು ಮೊದಲ ಮಳೆ ಬಿದ್ದ ಮೇಲೆ, ಇಲ್ಲವೇ ಅನುದಾನ ವಾಪಸಾಗುವ ಭಯದ ಫೆಬ್ರವರಿ–ಮಾರ್ಚ್‌ನಲ್ಲಿ. ಮಳೆಯಲ್ಲಿ ಬುನಾದಿ ತೆರೆದರೆ ನಿಂತ ಬರೆಯೂ ಜಾರುತ್ತದೆ. ಮಾರ್ಚ್ ಅವಸರದಲ್ಲಿ ಗೋಡೆಯ ಹಿಂದೆ ತುಂಬಿದ ಮಣ್ಣನ್ನು ಪದರ ಪದರವಾಗಿ ದಮ್ಮಸ್ಸು ಮಾಡಲು ಪುರಸೊತ್ತು ಇರುವುದಿಲ್ಲ.

ಗೋಡೆ ಯಾರದು ಎಂಬ ಪ್ರಶ್ನೆ ಇನ್ನಷ್ಟು ಕಾಲ ತಿನ್ನುತ್ತದೆ. ರಸ್ತೆ ರಾಷ್ಟ್ರೀಯ ಹೆದ್ದಾರಿಯಾದರೆ ಹಣ ಕೇಂದ್ರ ಸಾರಿಗೆ ಸಚಿವಾಲಯದಿಂದ ಬರಬೇಕು. ರಾಜ್ಯ ಹೆದ್ದಾರಿಯಾದರೆ ಲೋಕೋಪಯೋಗಿ ಇಲಾಖೆ, ಹಳ್ಳಿಯ ದಾರಿಯಾದರೆ ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗ, ಪೇಟೆಯೊಳಗಾದರೆ ನಗರಸಭೆ ಅಥವಾ ಪಟ್ಟಣ ಪಂಚಾಯಿತಿ. ಗೋಡೆಯ ಮೇಲಿನ ರಸ್ತೆ ಒಂದು ಸಂಸ್ಥೆಯದು, ಕೆಳಗಿನ ರಸ್ತೆ ಇನ್ನೊಂದರದು, ನಡುವಿನ ಇಳಿಜಾರು ಅರಣ್ಯದ್ದೋ ಖಾಸಗಿ ತೋಟದ್ದೋ ಆಗಿರುವುದು ಬೆಟ್ಟದ ಊರುಗಳಲ್ಲಿ ಅಪರೂಪವಲ್ಲ. ಇಂಥಲ್ಲಿ ಮೊದಲ ಪತ್ರ ಬರೆದವರು ಖರ್ಚಿಗೂ ಹೊಣೆಯಾದಾರು ಎಂಬ ಅಳುಕಿನಿಂದ ಯಾರೂ ಪತ್ರ ಬರೆಯುವುದಿಲ್ಲ.

ಹಣ ಧಾರಾಳವಾಗಿ ಸಿಕ್ಕ ಮಾತ್ರಕ್ಕೆ ಗೋಡೆ ನಿಲ್ಲುತ್ತದೆ ಎನ್ನುವಂತೆಯೂ ಇಲ್ಲ. ಮಡಿಕೇರಿಯ ಜಿಲ್ಲಾಧಿಕಾರಿ ಕಚೇರಿ ಇರುವ ಗುಡ್ಡಕ್ಕೆ, ಮಂಗಳೂರು ರಸ್ತೆಯ ಕಡೆ, ಕೋಟಿಗಟ್ಟಲೆ ವೆಚ್ಚದಲ್ಲಿ ಕಟ್ಟಿದ ತಡೆಗೋಡೆಯ ಸ್ಲ್ಯಾಬುಗಳು 2022ರ ಜುಲೈ ಮಳೆಯಲ್ಲಿ ಉಬ್ಬಿದವು. ಕೆಳಗಿನ ರಸ್ತೆಯಲ್ಲಿ ಸಂಚಾರ ತಡೆದು ವಾಹನಗಳನ್ನು ಬಳಸುದಾರಿಗೆ ತಿರುಗಿಸಬೇಕಾಯಿತು. ಅಚ್ಚಿನಲ್ಲಿ ಎರಕಹೊಯ್ದ ಸ್ಲ್ಯಾಬುಗಳನ್ನು ಹಿಂದಿನ ಮಣ್ಣಿಗೆ ಪಟ್ಟಿಗಳಿಂದ ಹಿಡಿಸುವ ಈ ಬಗೆಯ ಗೋಡೆಗಳಲ್ಲಿ ಬಲವಿರುವುದು ಮುಂದಿನ ಸ್ಲ್ಯಾಬಿನಲ್ಲಲ್ಲ. ಹಿಂದೆ ತುಂಬುವ ಮಣ್ಣಿನ ಗುಣ, ಅದರ ದಮ್ಮಸ್ಸು, ನೀರು ಬಸಿಯುವ ದಾರಿ ಇವುಗಳಲ್ಲಿ. ಬಿಲ್ಲು ಬರೆಯುವಾಗ ಅಳತೆಪುಸ್ತಕದಲ್ಲಿ ಸುಲಭವಾಗಿ ಎಣಿಕೆಗೆ ಸಿಗುವುದು ಸ್ಲ್ಯಾಬು, ಕಾಂಕ್ರೀಟು, ಕಬ್ಬಿಣ. ಗೋಡೆ ಎದ್ದ ಮೇಲೆ ಹಿಂದಿನ ಜಲ್ಲಿಪದರ ಕಣ್ಣಿಗೆ ಬೀಳುವುದಿಲ್ಲ. ತುರ್ತು ಹಣದ ಅವಸರದಲ್ಲಿ ಮೊದಲು ಕೈಬಿಡುವುದು ಮಣ್ಣು ಪರೀಕ್ಷೆಯನ್ನು, ಎರಡನೆಯದಾಗಿ ಬಸಿಗಾಲುವೆಯನ್ನು. ಸೋಲಿಗೆ ಕಾರಣವಾದ ನೀರನ್ನು ಹಾಗೇ ಬಿಟ್ಟು ಗೋಡೆಯನ್ನು ಮಾತ್ರ ದಪ್ಪ ಮಾಡಿದರೆ ಆದದ್ದು ಖರ್ಚೇ ಹೊರತು ದುರಸ್ತಿಯಲ್ಲ.

ಈಚಿನ ವರ್ಷಗಳಲ್ಲಿ ಪದ್ಧತಿ ತಿದ್ದಿಕೊಳ್ಳುವ ಪ್ರಯತ್ನ ನಡೆದಿದೆ. 15ನೇ ಹಣಕಾಸು ಆಯೋಗ 2021–26ರ ಅವಧಿಗೆ ರಾಜ್ಯಗಳ ವಿಪತ್ತು ನಿರ್ವಹಣೆಗೆ 1,60,153 ಕೋಟಿ ರೂಪಾಯಿ ಶಿಫಾರಸು ಮಾಡಿ, ಅದರಲ್ಲಿ ಶೇ. 20ನ್ನು ಅಪಾಯ ತಗ್ಗಿಸುವ ಉಪಶಮನ ನಿಧಿಗೆ, ಶೇ. 30ನ್ನು ಪುನರ್‌ನಿರ್ಮಾಣಕ್ಕೆ ಎಂದು ಬೇರ್ಪಡಿಸಿತು. ಬೀಳುವ ಮುಂಚಿನ ಗೋಡೆಗೂ ಬಿದ್ದ ನಂತರದ ಶಾಶ್ವತ ಗೋಡೆಗೂ ತತ್ವಶಃ ಇಲ್ಲಿ ಜಾಗವಿದೆ. ಆಯೋಗದ ಚಿಂತನೆ ಸರಿಯಾಗಿತ್ತು, ಜಾರಿ ನಿಧಾನವಾಯಿತು. ಪುನರ್‌ನಿರ್ಮಾಣದ ಪಾಲನ್ನು ಬಳಸುವ ಮಾರ್ಗಸೂಚಿ ಹೊರಬಂದದ್ದು 2024ರ ಆಗಸ್ಟ್‌ನಲ್ಲಿ, ಅವಧಿಯ ಅರ್ಧಕ್ಕಿಂತ ಹೆಚ್ಚು ಕಳೆದ ಮೇಲೆ. ಅದೇ ವರ್ಷ ನವೆಂಬರ್‌ನಲ್ಲಿ 15 ರಾಜ್ಯಗಳಿಗೆ 1,000 ಕೋಟಿ ರೂಪಾಯಿಯ ಭೂಕುಸಿತ ಉಪಶಮನ ಯೋಜನೆಗೆ ಒಪ್ಪಿಗೆ ದೊರೆತು, ಕರ್ನಾಟಕಕ್ಕೆ 72 ಕೋಟಿ ನಿಗದಿಯಾಯಿತು. ಕೊಡಗಿನಿಂದ ಉತ್ತರ ಕನ್ನಡದವರೆಗೆ ಹಬ್ಬಿದ ಘಟ್ಟದ ಜಿಲ್ಲೆಗಳಿಗೆ ಇದು ಒಳ್ಳೆಯ ಆರಂಭ, ಅಷ್ಟೆ. ಯೋಜನಾ ವರದಿ ಸಿದ್ಧಪಡಿಸಿ ಮೇಲಕ್ಕೆ ಕಳಿಸಿ ಪಡೆಯುವ ಇಂಥ ಹಣ ದೊಡ್ಡ ಇಳಿಜಾರುಗಳಿಗೆ ಒಗ್ಗುತ್ತದೆ. ಹಳ್ಳಿಯ ದಾರಿಯಲ್ಲಿ ಮೇ ತಿಂಗಳಲ್ಲಿ ಬಿರುಕು ಬಿಟ್ಟ ಹತ್ತು ಮೀಟರ್ ಗೋಡೆಯನ್ನು ತಲುಪುವುದಿಲ್ಲ.

ಆ ಅಂತರವನ್ನು ತುಂಬಲು ಹೊಸ ಕಾಯ್ದೆ ಬೇಕಾಗಿಲ್ಲ. ಮೊದಲು ಬೇಕಾದದ್ದು ಪ್ರತಿ ಉಪವಿಭಾಗದಲ್ಲಿ ತಡೆಗೋಡೆಗಳ ಪಟ್ಟಿ: ಎತ್ತರ, ಕಟ್ಟಿದ ವರ್ಷ, ಒಡೆತನ, ಕಿಂಡಿಗಳ ಸ್ಥಿತಿ, ಉಬ್ಬಿನ ಅಳತೆ. ಮಳೆ ನಿಂತ ಅಕ್ಟೋಬರ್–ನವೆಂಬರ್‌ನಲ್ಲಿ ಒಮ್ಮೆ ನಡೆದು ನೋಡಿದರೆ ಪಟ್ಟಿ ಸಿದ್ಧವಾಗುತ್ತದೆ; ಡಿಸೆಂಬರ್‌ನಲ್ಲಿ ಟೆಂಡರ್ ಕರೆದರೆ ಒಣ ತಿಂಗಳುಗಳು ಕೆಲಸಕ್ಕೆ ಉಳಿಯುತ್ತವೆ. ಎರಡನೆಯದು, 3054ರೊಳಗೆ ಗುಂಡಿ ಮುಚ್ಚುವ ಬಾಬತ್ತಿನೊಡನೆ ಪೈಪೋಟಿಗಿಳಿಯದ, ಘಟ್ಟದ ವಿಭಾಗಗಳಿಗೆ ಮಾತ್ರ ಮೀಸಲಾದ ಒಂದು ಉಪಶೀರ್ಷಿಕೆ. ಮೂರನೆಯದು, ಮಾನದಂಡದಲ್ಲಿ ಗುಡ್ಡಗಾಡಿನ ಹಾನಿಗೆ ಕಿಲೋಮೀಟರ್ ಬಿಟ್ಟು ಗೋಡೆಯ ಉದ್ದ–ಎತ್ತರದ ಲೆಕ್ಕ. ನಾಲ್ಕನೆಯದು, ಬಸಿಗಾಲುವೆಯ ಛಾಯಾಚಿತ್ರ ಮತ್ತು ಅಳತೆ ಇಲ್ಲದ ಗೋಡೆಯ ಬಿಲ್ಲು ಪಾಸಾಗದಂತೆ ಒಂದು ಷರತ್ತು. ದೋಷಹೊಣೆ ಅವಧಿಯಲ್ಲಿ ಕನಿಷ್ಠ ಎರಡು ಪೂರ್ಣ ಮಳೆಗಾಲಗಳು ಸೇರಿರಬೇಕೆಂಬ ಇನ್ನೊಂದು ಷರತ್ತು. ಒಡೆತನದ ತಕರಾರು ಇರುವಲ್ಲಿ ಮೊದಲು ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರ ಖರ್ಚು ಮಾಡಿ, ಆಮೇಲೆ ಸಂಬಂಧಪಟ್ಟ ಸಂಸ್ಥೆಯಿಂದ ವಸೂಲು ಮಾಡುವುದು ಐದನೆಯದು.

ಇವುಗಳಲ್ಲಿ ಯಾವುದೂ ಅಪಾಯರಹಿತವಲ್ಲ. ಬೀಳದ ಗೋಡೆಗೆ ತುರ್ತು ಹಣ ಕೊಡುವುದೆಂದರೆ, ಬೀಳುತ್ತಿತ್ತೋ ಇಲ್ಲವೋ ಎಂದು ಮುಂದೆ ಯಾರೂ ಸಾಬೀತು ಮಾಡಲಾಗದ ಕೆಲಸಕ್ಕೆ ಹಣ ಕೊಟ್ಟಂತೆ. ದುರುಪಯೋಗಕ್ಕೆ ಇದು ದಾರಿ ಎಂಬ ಆಕ್ಷೇಪದಲ್ಲಿ ಹುರುಳಿದೆ. ಉಬ್ಬು ಮತ್ತು ಬಿರುಕಿನ ಅಳತೆಯನ್ನು ತಿಂಗಳಿಗೊಮ್ಮೆ ದಾಖಲಿಸಿದ ಪಟ್ಟಿ ಇದ್ದರೆ ಆ ಆಕ್ಷೇಪಕ್ಕೆ ಉತ್ತರ ಸಿಗುತ್ತದೆ, ಪಟ್ಟಿಯಿಲ್ಲದಿದ್ದರೆ ಸಿಗುವುದಿಲ್ಲ. ಈಗಿನ ಪದ್ಧತಿ ಕುಸಿತವನ್ನೇ ಪುರಾವೆಯಾಗಿ ಇಟ್ಟುಕೊಂಡಿದೆ. ಅದು ಲೆಕ್ಕಪರಿಶೋಧನೆಗೆ ಅನುಕೂಲ, ಬೊಕ್ಕಸಕ್ಕೆ ದುಬಾರಿ, ಆ ದಾರಿಯಲ್ಲಿ ಓಡಾಡುವವರಿಗೆ ಅಪಾಯಕಾರಿ.