ಕಾರ್ಡ್ ಬದಲಾದರೂ ತಡವರಿಸುವ ಆಟ

ಗೇಮಿಂಗ್ ಕಂಪ್ಯೂಟರ್ ಹಳತಾಯಿತು ಅಂದಕೂಡಲೇ ಎಲ್ಲರ ಕೈಯೂ ಮೊದಲು ಹೋಗುವುದು ಗ್ರಾಫಿಕ್ಸ್ ಕಾರ್ಡಿಗೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಹತ್ತು ಅಂಗಡಿ ಸುತ್ತಿ, ಚೌಕಾಸಿ ಮಾಡಿ ತಂದು ಕೂರಿಸಿದ ಮೇಲೂ ಆಟ ತಡವರಿಸಿದರೆ ಬೈಗುಳವೆಲ್ಲ ಕಾರ್ಡಿಗೇ. ನಾನೂ ಬೈದವನೇ.

ನನ್ನದು ಇಂಟೆಲ್ ಐ5-7400, ಜೊತೆಗೆ ಜಿಟಿಎಕ್ಸ್ 1060. 2017ರಲ್ಲಿ ಅದು ಒಳ್ಳೆಯ ಜೋಡಿ. ಆದರೆ ಆ ಪ್ರೊಸೆಸರಿಗೆ ಇರುವುದು ನಾಲ್ಕೇ ಕೋರ್, ನಾಲ್ಕೇ ಥ್ರೆಡ್. ಇವತ್ತಿನ ಆಟಗಳು ಆ ನಾಲ್ಕನ್ನೂ ಹಿಂಡಿ ಹಿಪ್ಪೆ ಮಾಡುತ್ತವೆ; ಕಾರ್ಡ್ ಎಷ್ಟೇ ಗಟ್ಟಿಗನಾದರೂ ಕೆಲಸ ಸಿಗದೆ ಕೈಕಟ್ಟಿ ಕೂರುತ್ತದೆ. ಇದನ್ನು ತಿಳಿಯಲು ಕಾಸು ಬೇಡ. ರೆಸಲ್ಯೂಷನ್ 1080ರಿಂದ 720ಕ್ಕೆ ಇಳಿಸಿ ನೋಡಿ. ಫ್ರೇಮ್ ಏರಿದರೆ ಸುಸ್ತಾಗಿರುವುದು ಕಾರ್ಡು. ಇದ್ದಲ್ಲೇ ಇದ್ದರೆ ಪ್ರೊಸೆಸರು. ಒಂದೇ ಕಡ್ಡಿ 8 ಜಿಬಿ ರ‍್ಯಾಮ್ ಇಟ್ಟುಕೊಂಡು ಬಣ್ಣದ ದೀಪದ ಫ್ಯಾನ್ ಕೊಳ್ಳುವವರ ಬಗ್ಗೆ ಏನು ಹೇಳಲಿ? ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ.

'ಅಗ್ಗದ ಹೊಸ ಕಾರ್ಡ್' ಎಂಬುದೂ ಒಂದು ಮೋಹ. 2022ರಲ್ಲಿ ಬಂದ ಆರ್‌ಎಕ್ಸ್ 6500 ಎಕ್ಸ್‌ಟಿಯನ್ನೇ ನೋಡಿ. ಬೆಲೆ ನೋಡಿದರೆ ಹಳೆಯ ಯಂತ್ರದವರಿಗೆಂದೇ ಮಾಡಿದಂತಿತ್ತು. ಆದರೆ ಅದಕ್ಕೆ ಕೊಟ್ಟದ್ದು ನಾಲ್ಕೇ ಪಿಸಿಐಇ ಲೇನ್. ನಾಲ್ಕನೇ ಆವೃತ್ತಿಯ ಬೋರ್ಡಿನಲ್ಲಿ ಹೇಗೋ ನಡೆಯುತ್ತದೆ. ಮೂರನೆಯದಕ್ಕೆ ಹಾಕಿದರೆ ದಾರಿ ಅರ್ಧಕ್ಕೆ ಕಿರಿದಾಗುತ್ತದೆ, ವೇಗ ಕುಸಿಯುತ್ತದೆ. ಯಾರಿಗೆ ಬೇಕಿತ್ತೋ ಅವರಲ್ಲೇ ಅದು ಸೋತಿತು.

ಹಾಗಾಗಿ ನನ್ನ ದೃಷ್ಟಿಯಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ: ಮದರ್‌ಬೋರ್ಡಿಗೆ ಮುಂದೆ ದಾರಿ ಇದೆಯೇ? ಇಂಟೆಲ್ ಎಂಟನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರುಗಳಿಗೂ 1151 ಸಾಕೆಟ್ಟೇ. ಆದರೂ ಏಳನೆಯದರ ಬೋರ್ಡಿನಲ್ಲಿ ಇಂಟೆಲ್ ಅವನ್ನು ನಿಷೇಧಿಸಿತು. ಐ7-7700ಕೆಯೇ ಅಲ್ಲಿ ಕೊನೆಯ ನಿಲ್ದಾಣ. ಎಎಮ್‌ಡಿ ಕೂಡ ಮೊದಲು ಮೀನಮೇಷ ಎಣಿಸಿತು. ಆಮೇಲೆ 2017ರ ಎಎಂ4 ಬೋರ್ಡುಗಳಿಗೂ 2022ರ ರೈಜನ್ 7 5800ಎಕ್ಸ್3ಡಿಯನ್ನು ಬಿಟ್ಟುಕೊಟ್ಟಿತು. 96 ಎಂಬಿ ಎಲ್3 ಕ್ಯಾಶ್ ಇರುವ, ಆಟಕ್ಕೆಂದೇ ಹುಟ್ಟಿದ ಪ್ರೊಸೆಸರ್ ಅದು. ಒಂದೇ ವರ್ಷ ಕೊಂಡ ಎರಡು ಬೋರ್ಡುಗಳಲ್ಲಿ ಒಂದಕ್ಕೆ ಭವಿಷ್ಯ, ಇನ್ನೊಂದಕ್ಕೆ ಗೋಡೆ.

ಗೋಡೆ ಎದುರಾದವರು ಹೊಸ ಪೆಟ್ಟಿಗೆಗೂ ಹೊತ್ತೊಯ್ಯಬಹುದಾದುದನ್ನಷ್ಟೇ ಕೊಳ್ಳಲಿ. ಮೊದಲು ಎಸ್‌ಎಸ್‌ಡಿ: 2023ರ ಅಪ್‌ಡೇಟ್‌ನಿಂದ ಸೈಬರ್‌ಪಂಕ್ 2077ರ ಕನಿಷ್ಠ ಪಟ್ಟಿಯಲ್ಲೇ ಅದು ಸೇರಿದೆ. ಆಮೇಲೆ ಒಳ್ಳೆಯ ಪವರ್ ಸಪ್ಲೈ. ಕ್ಯಾಬಿನೆಟ್ ಜೊತೆ ಬಿಟ್ಟಿ ಬಂದದ್ದನ್ನು ನಂಬಬೇಡಿ. ಐ7-7700ಕೆಯನ್ನು ಸೆಕೆಂಡ್ ಹ್ಯಾಂಡ್ ಹುಡುಕುವುದು ದಂಡ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ಅದೂ ಇಲ್ಲ, ನನ್ನ 7400 ಕೂಡ ಇಲ್ಲ.

ಎಎಂ4 ಇರುವವರಿಗೆ ಒಂದು ಮಾತು. ಹಳೆಯ ಪ್ರೊಸೆಸರನ್ನು ಮಾರುವ ಮೊದಲೇ ಬಯಾಸ್ ಅಪ್‌ಡೇಟ್ ಮಾಡಿಕೊಳ್ಳಿ. ಮಾರಿದ ಮೇಲೆ ನೆನಪಾದರೆ, ಹೊಸದನ್ನು ಗುರುತಿಸದ ಬೋರ್ಡ್ ಕಪ್ಪು ಪರದೆಯನ್ನೇ ತೋರಿಸುತ್ತ ಕೂರುತ್ತದೆ.